ಎರಡನೇ ನಂಬರಿನ ಬಿಳಿ ಕ್ಯಾನು

ಹೆತ್ತವರು ಅವಳಿಗೆ ಹೆಸರು ಇಟ್ಟಿರಲಿಲ್ಲವೆಂದಲ್ಲ. ಆದರೆ ಆ ಹೆಸರನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಿಕೊಳ್ಳಲಿಲ್ಲ. ಗುಜರಿ ಗೋದಾಮಿನಲ್ಲಿ, ಬೀದಿಯಲ್ಲಿ, ನಲ್ಲಿಯ ಮುಂದಿನ ಸಾಲಿನಲ್ಲಿ, ಎಲ್ಲ ಕಡೆಯೂ ಅವಳು ನಂಬರಕ್ಕ. ಯಾರ ಮನೆಗೆ ಕಾಲಿಟ್ಟರೂ ಕ್ಷೇಮ ಸಮಾಚಾರ ಆಮೇಲೆ. ಮೊದಲು ಅಡುಗೆಮನೆಗೆ ನುಗ್ಗುವುದು, ಡಬ್ಬಗಳನ್ನು ತಲೆಕೆಳಗು ಮಾಡುವುದು, ತಳದಲ್ಲಿ ಮೂರು ಬಾಣಗಳ ನಡುವೆ ಅಚ್ಚಾಗಿರುವ, ಪ್ಲಾಸ್ಟಿಕ್ಕಿನ ಜಾತಿ ಹೇಳುವ ಅಂಕಿಯನ್ನು ಓದುವುದು. ಓದಿಕೊಂಡು ಸುಮ್ಮನಿರುವ ಪೈಕಿಯೇ ಅವಳು?

“ಏನೇ ಇದು, ಒಂದನೇ ನಂಬರು! ಶರಬತ್ತು ಕುಡಿದು ಬಿಸಾಕೋ ಬಾಟ್ಲಿ. ಇದಕ್ಕೆ ಕುದಿಯೋ ನೀರು ಹುಯ್ದಿದೀಯಲ್ಲ, ಸೊಂಟ ಸೊಟ್ಟಗಾಗಿರೋದು ಕಣ್ಣಿಗೆ ಕಾಣಲ್ವಾ?”

“ಆರನೇ ನಂಬರು ಲೋಟದಲ್ಲಿ ಬಿಸಿ ಬಿಸಿ ಟೀ ಕುಡೀತೀಯಾ? ಅದಕ್ಕಿಂತ ಬಾಯಾರ್ಕೊಂಡು ಬಿದ್ದಿರು.”

“ಮೂರನೇದು ಪೈಪಿಗೆ, ಚಪ್ಪಲಿಗೆ. ಊಟದ ಹತ್ರ ಸೇರಿಸ್ಬೇಡ. ಏಳು ಅಂದ್ರೆ ಇತರೆ, ಅಪ್ಪ ಯಾರು ಅಮ್ಮ ಯಾರು ಗೊತ್ತಿಲ್ಲ. ಐದು ಬಿಸಿ ತಡ್ಕೊಳುತ್ತೆ. ಎರಡು ಹಾಲಿಗೆ, ನೀರಿಗೆ. ಇವೆರಡೂ ಮರ್ಯಾದಸ್ಥರ ಮನೆಯವು.”

ಬೈಸಿಕೊಂಡವರು ಮೂಗು ಮುರಿಯುತ್ತಿದ್ದರು, ಆದರೆ ಬೈಸಿಕೊಂಡ ಡಬ್ಬ ಮಾರನೆಯ ದಿನ ಕಸದ ಬುಟ್ಟಿಯಲ್ಲಿ ಇರುತ್ತಿತ್ತು. ಲಾಂಡ್ರಿಯವಳೊಬ್ಬಳು ಸಕ್ಕರೆಯನ್ನು ಬಟ್ಟೆಯ ಸೋಪಿನ ಪುಡಿಯ ಡಬ್ಬದಲ್ಲಿ ಇಟ್ಟು ಸಿಕ್ಕಿಬಿದ್ದಳು. ಅವತ್ತು ನಂಬರಕ್ಕ ಬೀದಿಗೆಲ್ಲ ಕೇಳುವಂತೆ, “ಹೊಟ್ಟೆ ಒಗೆಯೋಕೆ ಇಟ್ಕೊಂಡಿದೀಯೇನೇ!” ಎಂದದ್ದನ್ನು ಜನ ಇನ್ನೂ ಹೇಳಿಕೊಂಡು ನಗುತ್ತಾರೆ. ಈಗ ನಗುವಾಗ ಅರ್ಧಕ್ಕೇ ನಿಲ್ಲಿಸುತ್ತಾರೆ, ಅಷ್ಟೇ.

ಅವಳ ಕೆಲಸ ಪ್ಲಾಸ್ಟಿಕ್ ಆರಿಸುವುದು. ತಗಡಿನ ಮಾಡಿನ ಗೋದಾಮು. ಬಾಗಿಲಲ್ಲಿ ತೂಕದ ಯಂತ್ರ, ಒಳಗೆ ಉದ್ದನೆಯ ಮೇಜು, ಮೇಜಿನಾಚೆ ಪ್ಲಾಸ್ಟಿಕ್ಕನ್ನು ಚೂರು ಚೂರು ಮಾಡುವ ಯಂತ್ರದ ಗದ್ದಲ. ಲಾರಿ ಬಂದು ಸುರಿದದ್ದನ್ನೆಲ್ಲ ಅಂಕಿಯ ಪ್ರಕಾರ ಬೇರೆ ಬೇರೆ ಚೀಲಕ್ಕೆ ಹಾಕಬೇಕು. ಒಂದು ಜಾತಿ ಇನ್ನೊಂದರೊಳಗೆ ಸೇರಿದರೆ ಕರಗಿಸುವಾಗ ಇಡೀ ಹದ ಕೆಡುತ್ತದೆ. ಅಂಕಿ ಇದ್ದರೆ ಯಾರು ಬೇಕಾದರೂ ಆರಿಸಬಹುದು; ಅಂಕಿ ಅಳಿಸಿಹೋದ ಚೂರುಪಾರು ಬಂದಾಗಲೇ ನಂಬರಕ್ಕನ ಕಾರುಬಾರು. ಕಿವಿಯ ಹತ್ತಿರ ಹಿಸುಕಿ ಸದ್ದು ಕೇಳುತ್ತಿದ್ದಳು. ನೀರಿನ ತೊಟ್ಟಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುತ್ತಿದ್ದಳು: ಎರಡು, ನಾಲ್ಕು, ಐದು ತೇಲುತ್ತವೆ, ಒಂದು, ಮೂರು, ಆರು ಮುಳುಗುತ್ತವೆ. ಅದಕ್ಕೂ ಜಗ್ಗದಿದ್ದರೆ ಎಳೆಯೊಂದನ್ನು ಕತ್ತರಿಸಿ, ಲೈಟರ್ ಹಚ್ಚಿ, ಉಫ್ ಎಂದು ಆರಿಸಿ, ಹೊಗೆಯನ್ನು ಮೂಗಿಗೆ ಹಿಡಿಯುತ್ತಿದ್ದಳು. ಮೇಣದಬತ್ತಿಯ ವಾಸನೆ ಬಂದರೆ ಎರಡೋ ಐದೋ. ಮೂಗು ಸುಟ್ಟುಹೋಗುವಂಥ ಘಾಟು ಬಂದರೆ ಮೂರು. ಅವಳ ಮೂಗು ಒಂದು ಮಾತು ಹೇಳಿದರೆ ಗೋದಾಮಿನ ಯಜಮಾನ ಎರಡನೇ ಮಾತು ಆಡುತ್ತಿರಲಿಲ್ಲ.

ಇಪ್ಪತ್ತೆರಡು ವರ್ಷ ಆ ಹೊಗೆ ಕುಡಿದ ಮೂಗು ಎಷ್ಟು ದಿನ ತಾನೇ ತಡೆದೀತು? ಒಂದು ದಿನ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಕಿಟಕಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಎದುರುಮನೆಯವರು ಬಾಗಿಲು ಬಡಿದು, “ನಂಬರಕ್ಕ, ಏನು ಸುಟ್ಟು ಕರಕಲಾಗ್ತಿದೆ ನಿಮ್ಮನೇಲಿ?” ಎಂದಾಗಲೇ ತಿರುಗಿ ನೋಡಿದ್ದು. ಪಾತ್ರೆ ಕಪ್ಪಾಗಿತ್ತು, ಕೋಣೆ ತುಂಬ ಹೊಗೆ. ಅವಳಿಗೆ ಒಂದಿಷ್ಟೂ ವಾಸನೆ ಬರಲಿಲ್ಲ. ಸೋಪನ್ನು ಮೂಸಿದಳು. ಬೆಳ್ಳುಳ್ಳಿ ಜಜ್ಜಿ ಮೂಸಿದಳು. ಕೊನೆಗೆ ಸೀಮೆಎಣ್ಣೆಯ ಬತ್ತಿಯನ್ನೇ ಮೂಗಿಗೆ ಹಿಡಿದಳು. ಏನೂ ಇಲ್ಲ. ನೆಗಡಿ ಇರಬೇಕೆಂದು ಒಂದು ತಿಂಗಳು ಕಾದಳು, ನೆಗಡಿಯಾಗಿರಲಿಲ್ಲ.

ಹೇಳಬಹುದಿತ್ತು. ಆದರೆ ಆ ಮೇಜಿನ ತುದಿಯ ಸ್ಟೂಲಿನ ಮೇಲೆ ಕೂರುವುದೆಂದರೆ ಅವಳಿಗೆ ಸಣ್ಣ ವಿಷಯವೇ? ಓದಿಲ್ಲ ಬರೆದಿಲ್ಲ, ಹಿಂದಿಲ್ಲ ಮುಂದಿಲ್ಲ. ಇದ್ದದ್ದು ಆ ಮೂಗು, ಅದರಿಂದ ಬಂದ ಹೆಸರು. ಅದಕ್ಕೇ ಬಾಯಿ ಹೊಲಿದುಕೊಂಡಳು. ಮೂಸುವ ಹಾಗೆ ಮಾಡಿ, ಉರಿಯ ಬಣ್ಣ ನೋಡಿ, ಹೊಗೆಯ ಕಪ್ಪು ನೋಡಿ ಹೇಳತೊಡಗಿದಳು. ನೂರಕ್ಕೆ ತೊಂಬತ್ತೈದು ಸರಿಯಾಗಿಯೇ ಇರುತ್ತಿತ್ತು. ಯಾರಿಗೂ ಸುಳಿವು ಸಿಗಲಿಲ್ಲ ಎಂದುಕೊಂಡಳು.

ಅವಳಿಗೆ ಇದ್ದ ನಂಟು ಒಬ್ಬಳೇ ತಂಗಿ. ಅಮ್ಮ ತೀರಿಕೊಂಡಾಗ ತಂಗಿಗೆ ನಾಲ್ಕು ವರ್ಷ, ಇವಳಿಗೆ ಹತ್ತು. ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸು, ನಲವತ್ತಾರು ದಾಟಿದರೂ ಇವಳಿಗೆ ಪುಟ್ಟಿಯೇ. ಪುಟ್ಟಿಯ ಗಂಡ ಹೋಗಿ ಹತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಎರಡು ತಿರುವು ಆಚೆ, ಲಾಂಡ್ರಿಯವಳ ಪಕ್ಕದ ಒಂದೇ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಿದ್ದಳು. ಹರಿದ ಚೀಲ, ಶಾಲೆಯ ಅಂಗಿ, ಪರದೆ, ಏನು ಕೊಟ್ಟರೂ ಹೊಲಿಯುತ್ತಿದ್ದಳು. ಬೆಳಗಿನ ಚಳಿಗೆ ಹೊದ್ದ ಕಂದು ಶಾಲು ಮಧ್ಯಾಹ್ನವಾದರೂ ಹೆಗಲಿನಿಂದ ಇಳಿಯುತ್ತಿರಲಿಲ್ಲ. ಅಕ್ಕ ಮಾತಿನ ಮಲ್ಲಿ. ತಂಗಿ ಹತ್ತು ಮಾತಿಗೆ ಒಂದು ಮಾತು ಆಡುವವಳು, ಆ ಒಂದನ್ನೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಆಡುವವಳು.

ರಜೆಯ ದಿನ ನಂಬರಕ್ಕ ತಂಗಿಯ ಮನೆಗೆ ಹೋಗಿ ಅಡುಗೆ ಮಾಡುವುದು ಹಳೆಯ ರೂಢಿ. ಮೂಗು ಹೋದ ಮೇಲಿನ ಎರಡು ವರ್ಷದಿಂದ ಮಾತ್ರ ಪುಟ್ಟಿ, “ಒಲೆ ನಾನೇ ನೋಡ್ಕೋತೀನಿ ಅಕ್ಕ, ನೀನು ಕೂತ್ಕೊ,” ಎನ್ನತೊಡಗಿದ್ದಳು. ಹಾಲನ್ನೂ ತಾನೇ ಮೊದಲು ಮೂಸಿ ನೋಡಿ ಇಡುತ್ತಿದ್ದಳು. ಪಾಪ, ಅಕ್ಕನಿಗೆ ವಯಸ್ಸಾಯಿತೆಂದು ಕನಿಕರ ಪಡುತ್ತಾಳೆ ಎಂದು ನಂಬರಕ್ಕ ಒಳಗೊಳಗೇ ಹಿಗ್ಗಿದಳು.

ಪುಟ್ಟಿಯ ಓಣಿಗೆ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಅವಳು ಅದನ್ನು ಹಿಡಿದಿಡುತ್ತಿದ್ದದ್ದು ಗೋಡೆಗೆ ಬಳಿಯುವ ಬಣ್ಣದ ಹಳೆಯ ಬಕೆಟ್ಟಿನಲ್ಲಿ. ಅದನ್ನು ಕಂಡ ದಿನ ನಂಬರಕ್ಕ ಕುಣಿದಾಡಿಬಿಟ್ಟಳು.

“ಊರವರ ಡಬ್ಬಕ್ಕೆಲ್ಲ ನಾನು ಬುದ್ಧಿ ಹೇಳ್ಕೊಂಡು ಓಡಾಡ್ತೀನಿ, ನನ್ನ ತಂಗಿ ಪೇಂಟ್ ಬಕೆಟ್ಟಲ್ಲಿ ನೀರು ಕುಡೀತಾಳೆ! ಜನ ಕೇಳಿದ್ರೆ ನನ್ನ ಮುಖಕ್ಕೆ ಉಗೀತಾರೆ!”

“ತೊಳೆದಿದೀನಿ ಅಕ್ಕ.”

“ತೊಳೆದ್ರೆ ಹೋಗತ್ತಾ ಪುಟ್ಟಿ? ಪ್ಲಾಸ್ಟಿಕ್ ಕುಡಿಯುತ್ತೆ ಕಣೇ. ಒಳಗಿದ್ದಿದ್ದನ್ನ ಕುಡ್ಕೊಂಡು ಕೂತಿರುತ್ತೆ. ಆಮೇಲೆ ನಿಧಾನಕ್ಕೆ ಬಿಡುತ್ತೆ. ಇರು, ನಾನೇ ತಂದುಕೊಡ್ತೀನಿ.”

ಈ ಮಾತನ್ನು ಆಡಿದವಳು ಅವಳೇ.

ಗೋದಾಮಿನಲ್ಲಿ ಒಂದು ಕಟ್ಟಳೆ ಇತ್ತು. ದೊಡ್ಡ ಕ್ಯಾನು ಯಾವುದೇ ಬರಲಿ, ಮೊದಲು ಗರಗಸದಿಂದ ಅದರ ಹಿಡಿಕೆಯನ್ನು ಕತ್ತರಿಸಬೇಕು, ಆಮೇಲೆ ಉಳಿದ ಕೆಲಸ. ಕ್ಯಾನಿನ ಹಿಡಿಕೆ ಒಳಗೆ ಟೊಳ್ಳು. ಕ್ಯಾನನ್ನು ಹತ್ತು ಸಲ ತೊಳೆದರೂ ಹಿಡಿಕೆಯ ಮೂಲೆಯಲ್ಲಿ ಹಳೆಯದು ಒಂದಿಷ್ಟು ಅಡಗಿ ಕುಳಿತಿರುತ್ತದೆ. ಹಿಂದೊಮ್ಮೆ ಅಂಥ ಹಿಡಿಕೆಯಿಂದ ಚಿಮ್ಮಿದ ಆಸಿಡ್ಡು ನಂಬರಕ್ಕನ ಮಣಿಕಟ್ಟನ್ನು ಸುಟ್ಟಿತ್ತು. ಗಾಯದ ಗುರುತು ಹಾಗೇ ಇದೆ. ಕಟ್ಟಳೆ ಹಾಕಿಸಿದವಳೂ ಅವಳೇ.

ಶರಬತ್ತಿನ ಪಾಕ ತುಂಬಿ ಬರುವ ಬಿಳಿ ಕ್ಯಾನುಗಳ ಲಾರಿ ಬಂದ ದಿನ, ಅವಳು ಒಂದನ್ನು ಆರಿಸಿ ಬದಿಗಿಟ್ಟಳು. ಇಪ್ಪತ್ತು ಲೀಟರಿನದು, ದಪ್ಪ ಗೋಡೆ, ತಳದಲ್ಲಿ ಸ್ಪಷ್ಟವಾಗಿ ಎರಡು. ಚೀಟಿ ಕಿತ್ತುಹೋಗಿತ್ತು. ಉಳಿದ ಕ್ಯಾನುಗಳ ಒಳಗೆ ಅಂಟು ಅಂಟು ಪಾಕ ಇತ್ತು, ಇದರೊಳಗೆ ಮಾತ್ರ ಏನೂ ಇರಲಿಲ್ಲ. ಸ್ವಚ್ಛವಾಗಿದೆ, ತಂಗಿಯ ಪುಣ್ಯ ಎಂದುಕೊಂಡಳು! ಹಿಡಿಕೆಯ ಮೇಲೆ ಗರಗಸ ಇಟ್ಟವಳು ಕತ್ತರಿಸದೆ ಹಿಂದಕ್ಕೆ ತೆಗೆದಳು. ಹಿಡಿಕೆ ಕತ್ತರಿಸಿದರೆ ಕ್ಯಾನು ತೂತಾಗುತ್ತದೆ, ನೀರು ನಿಲ್ಲುವುದಿಲ್ಲ. ತೂಕ ನೋಡುವ ಅಣ್ಣ ಬಾಗಿಲಲ್ಲಿ ನಿಂತು ಕೇಳಿದ:

“ಮನೆಗಾ ನಂಬರಕ್ಕ? ಮೂಸಿ ನೋಡಿದ್ಯಾ?”

ಅವಳು ಮುಚ್ಚಳ ತೆಗೆದು ಬಾಯಿಗೆ ಮೂಗಿಟ್ಟು, ಎದೆ ತುಂಬ ಉಸಿರೆಳೆದಳು. “ನೋಡ್ದೆ. ಏನೂ ಇಲ್ಲ.”

ಅದು ಸುಳ್ಳೂ ಅಲ್ಲ. ಅವಳ ಮೂಗಿಗೆ ಏನೂ ಇರಲಿಲ್ಲ.

ಬಿಸಿನೀರು, ಸೋಪು ಹಾಕಿ ಮೂರು ಸಲ ತೊಳೆದಳು. ಬಿಸಿಲಿಗಿಟ್ಟು ಒಣಗಿಸಿದಳು. ಕೆಳಗೊಂದು ನಲ್ಲಿ ಕೂರಿಸಿ, ಹೊತ್ತುಕೊಂಡು ಹೋಗಿ ಪುಟ್ಟಿಯ ಕೋಣೆಯಲ್ಲಿ ಸ್ಟೂಲಿನ ಮೇಲೆ ಇಟ್ಟಳು. ಬಣ್ಣದ ಬಕೆಟ್ಟನ್ನು ತಾನೇ ಬೀದಿಗೆಸೆದಳು. ಮೊದಲ ಲೋಟ ಹಿಡಿದ ಪುಟ್ಟಿ ಬಾಯಿಗಿಡುವ ಮೊದಲು ಒಂದು ಗಳಿಗೆ ತಡೆದಳು.

“ಏನೋ ಒಂಥರಾ ವಾಸನೆ ಅಲ್ವಾ ಅಕ್ಕ?”

“ಹೊಸದಕ್ಕೆ ಹಂಗೇ ಇರುತ್ತೆ. ಎರಡನೇ ನಂಬರು ಕಣೇ, ಹಾಲು ತುಂಬಿಸೋ ಜಾತಿ! ನಾನು ಮೂಸಿದೀನಿ. ನನ್ನ ಮೂಗಿಗಿಂತ ನಿನ್ನ ಮೂಗು ದೊಡ್ಡದೇನೇ?”

ಪುಟ್ಟಿ ಅಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗಟಗಟನೆ ಕುಡಿದು ಲೋಟ ಕೆಳಗಿಟ್ಟಳು.

ಮೂರು ವಾರ ಕಳೆಯಿತು. ಪುಟ್ಟಿಗೆ ತಲೆನೋವು ಶುರುವಾಯಿತು. ಹೊಟ್ಟೆ ತೊಳಸುವುದು, ಕೂತಲ್ಲೇ ಬೆವರುವುದು, ಕಣ್ಣಲ್ಲಿ ನೀರು. ಸೆಕೆ ಎಂದರು ಒಬ್ಬರು, ಪಿತ್ತ ಎಂದರು ಇನ್ನೊಬ್ಬರು. “ನೀರು ಚೆನ್ನಾಗಿ ಕುಡಿ,” ಎಂದಳು ಅಕ್ಕ. ಕುಡಿದಳು. ಒಂದು ರಜೆಯ ದಿನ ನಂಬರಕ್ಕ ಹೋದಾಗ ಪುಟ್ಟಿ ಸೂಜಿಗೆ ದಾರ ಪೋಣಿಸಲಾಗದೆ ಕೂತಿದ್ದಳು. ಬೆರಳು ನಡುಗುತ್ತಿದ್ದವು. ಮೂವತ್ತು ವರ್ಷ ಕಣ್ಣು ಮುಚ್ಚಿ ದಾರ ಪೋಣಿಸಿದ ಕೈ!

“ಕೊಡಿಲ್ಲಿ,” ಎಂದು ಅಕ್ಕ ಪೋಣಿಸಿಕೊಟ್ಟಳು. ಅವಳಿಗೂ ಆ ಸಂಜೆ ಸ್ವಲ್ಪ ತಲೆ ನೋಯುತ್ತಿತ್ತು. ಬಿಸಿಲಿನದ್ದೆಂದುಕೊಂಡಳು.

ಎರಡು ದಿನಕ್ಕೆ ಪುಟ್ಟಿ ಯಂತ್ರದ ಮೇಲೆಯೇ ಕುಸಿದುಬಿದ್ದಳು. ಲಾಂಡ್ರಿಯವಳು ಆಟೋ ಹಿಡಿದು ದೊಡ್ಡಾಸ್ಪತ್ರೆಗೆ ಸೇರಿಸಿ, ಗೋದಾಮಿಗೆ ಹೇಳಿ ಕಳಿಸಿದಳು. ನಂಬರಕ್ಕ ಕೈಗವಸು ಹಾಕಿಕೊಂಡೇ ಓಡಿದಳು.

ಆಸ್ಪತ್ರೆಯವರು ಹೊಟ್ಟೆಯ ಸೋಂಕೆಂದು ಬಾಟಲಿ ಏರಿಸಿದರು. ವಾರ್ಡಿನ ಹೊರಗೆ, ಬಿಸಿಲಲ್ಲಿ ಪೇರಿಸಿಟ್ಟ ನೀರಿನ ಬಾಟಲಿ ಮಾರುತ್ತಿದ್ದರು. ನಂಬರಕ್ಕ ಒಂದನ್ನು ಮುಟ್ಟಿ ನೋಡಿದಳು; ಕಾದಿತ್ತು. “ಒಂದನೇ ನಂಬರು, ಹೊತ್ತೆಲ್ಲ ಬಿಸಿಲಲ್ಲಿ ಬೆಂದಿದೆ. ಇದನ್ನ ನನ್ನ ತಂಗಿಗೆ ಕುಡಿಸ್ಲಾ? ನನಗೇನು ತಲೆ ಕೆಟ್ಟಿದ್ಯಾ?” ಎಂದು ಮಾರುವವನ ಜತೆ ಜಗಳವನ್ನೇ ಆಡಿದಳು. ಅಂದಿನಿಂದ ದಿನವೂ ಬೆಳಿಗ್ಗೆ ಪುಟ್ಟಿಯ ಕೋಣೆಗೆ ಹೋಗಿ, ಬಿಳಿ ಕ್ಯಾನಿನಿಂದ ಸ್ಟೀಲ್ ಬಾಟಲಿಗೆ ನೀರು ತುಂಬಿಸಿ ತಂದಳು. ಕ್ಯಾನಿನಲ್ಲಿ ನೀರು ತಳ ಮುಟ್ಟಿದಾಗ ಅದನ್ನು ಮುಂದಕ್ಕೆ ಬಾಗಿಸಿ, ಅಲ್ಲಾಡಿಸಿ, ಕೊನೆಯ ಹನಿಯವರೆಗೂ ಬಸಿದಳು. ತಂಗಿಯ ತಲೆಯೆತ್ತಿ, ಕೈಯಾರೆ ಗುಟುಕು ಗುಟುಕಾಗಿ ಕುಡಿಸಿದಳು. ಪುಟ್ಟಿ ಗುಣವಾಗುವ ಬದಲು ದಿನದಿನಕ್ಕೆ ಇಳಿದುಹೋದಳು.

ಆಸ್ಪತ್ರೆಗೆ ಸೇರಿಸಿದ ಎರಡನೇ ದಿನ ಬೇರೆ ಡಾಕ್ಟರಮ್ಮ ಬಂದರು. ಎಳೆಯ ವಯಸ್ಸು, ಚುರುಕು ಕಣ್ಣು. ಪುಟ್ಟಿಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಪಾಪೆ ಸೂಜಿಮೊನೆಯಷ್ಟಾಗಿತ್ತು.

“ಇವರು ಬೆಳೆಗೆ ಔಷಧಿ ಹೊಡೆಯೋ ಕೆಲಸ ಏನಾದ್ರೂ ಮಾಡ್ತಾರಾ?”

“ಇಲ್ಲಮ್ಮ, ಹೊಲಿಗೆ ಕೆಲಸ.”

“ಮನೇಲಿ ತಿಗಣೆ, ಜಿರಳೆಗೆ ಔಷಧಿ? ಊಟ, ನೀರು ಯಾವುದ್ರಲ್ಲಿ ಇಡ್ತಾರೆ? ಹಳೇ ಡಬ್ಬ, ಕ್ಯಾನು ಏನಾದ್ರೂ? ಏನಾದ್ರೂ ವಾಸನೆ ಬರ್ತಿತ್ತಾ? ಯೋಚನೆ ಮಾಡಿ ಹೇಳಿ.”

ನಂಬರಕ್ಕ ಸುತ್ತ ನೋಡಿದಳು. ಆ ಗಳಿಗೆಯಲ್ಲಿ ಬಾಯಿ ಬಿಟ್ಟಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತೋ ಏನೋ. ಆದರೆ ಸುತ್ತ ಅವಳ ಬೀದಿಯ ನಾಲ್ಕು ಜನ ನಿಂತಿದ್ದರು, ಬಾಗಿಲಲ್ಲಿ ಗೋದಾಮಿನ ಯಜಮಾನನೇ ನೋಡಲು ಬಂದು ನಿಂತಿದ್ದ. ಹಾಳು ಮಾನ!

“ಕ್ಯಾನು ನಾನೇ ತಂದುಕೊಟ್ಟಿದ್ದು. ಎರಡನೇ ನಂಬರು. ನಾನೇ ಮೂಸಿ ನೋಡಿದೀನಿ, ಏನೂ ಇರ್ಲಿಲ್ಲ.”

“ಅವರು ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದಾರೆ ಡಾಕ್ಟ್ರೇ,” ಎಂದ ಯಜಮಾನ ಹೆಮ್ಮೆಯಿಂದ. ಡಾಕ್ಟರಮ್ಮ ತಲೆಯಾಡಿಸಿ, ರಕ್ತ ಕಳಿಸುತ್ತೇವೆ, ವರದಿ ಬರಲು ನಾಲ್ಕು ದಿನ ಬೇಕು ಎಂದು ಬರೆದುಕೊಂಡು ಹೋದರು.

ಆಮೇಲೆ ಮೂರು ದಿನ. ಮೊದಲೆರಡು ದಿನವೂ ನಂಬರಕ್ಕ ಅದೇ ನೀರು ತಂದಳು. ಮೊದಲ ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಳು: ಎರಡನೇ ನಂಬರು, ಮೂರು ಸಲ ತೊಳೆದಿದ್ದೇನೆ, ಇನ್ನೇನಾಗುತ್ತದೆ? ಎರಡನೇ ದಿನ ಆ ಯೋಚನೆಯೇ ಬೇಡವೆಂದು ತಲೆ ಕೊಡವಿದಳು. ಮೂರನೇ ದಿನ ಬೆಳಿಗ್ಗೆ ಕ್ಯಾನನ್ನು ಬಾಗಿಸಿದಾಗ, ನಲ್ಲಿಯ ಬಾಯಲ್ಲಿ ನೀರು ಒಂದು ಕ್ಷಣ ಹಾಲಿನಂತೆ ಬೆಳ್ಳಗಾಯಿತು. ಮತ್ತೆ ತಿಳಿಯಾಯಿತು.

ಅವಳ ಕೈ ಮಣಿಕಟ್ಟಿನ ಹಳೆಯ ಗಾಯಕ್ಕೆ ಹೋಯಿತು. ಕ್ಯಾನಿನ ಹಿಡಿಕೆಯನ್ನು ನೋಡಿದಳು.

ಕ್ಯಾನನ್ನು ತಬ್ಬಿಕೊಂಡು ಗೋದಾಮಿಗೆ ಓಡಿದಳು. ದಾರಿಯಲ್ಲಿ ಯಾರೋ ಕರೆದರು, ತಿರುಗಲಿಲ್ಲ. ಮೇಜಿನ ಮೇಲಿಟ್ಟು ಗರಗಸ ಆಡಿಸಿ ಹಿಡಿಕೆ ಕತ್ತರಿಸಿದಳು. ಒಳಗಿನ ಮೂಲೆಯಲ್ಲಿ ಗಟ್ಟಿ ಕೆನೆಯಂಥದ್ದು ಅಂಟಿಕೊಂಡಿತ್ತು. ಅದನ್ನು ಮೂಗಿಗೆ ಹಿಡಿದಳು, ಉಸಿರೆಳೆದಳು, ಮತ್ತೆ ಎಳೆದಳು. ಏನೂ ಇಲ್ಲ, ಏನೂ ಇಲ್ಲ. ತೂಕದ ಅಣ್ಣನ ಮುಂದೆ ಒಡ್ಡಿದಳು.

“ಅಣ್ಣ, ಇದನ್ನ ಮೂಸಿ ನೋಡು.”

ಅವನು ಮೂಗು ಹತ್ತಿರ ತಂದವನೇ ಹಿಂದಕ್ಕೆ ಹಾರಿದ. “ಥೂ! ಹುಳ ಸಾಯಿಸೋ ಔಷಧಿ! ಎಲ್ಲಿತ್ತು ಇದು? ಬಾಗಿಲವರೆಗೂ ಹೊಡೀತಿದೆ ಘಾಟು. ನಿಂಗೆ ಗೊತ್ತಾಗ್ತಿಲ್ವಾ?”

“ಇಲ್ಲ ಅಣ್ಣ.”

“ಗೊತ್ತಾಗ್ತಿಲ್ಲ ಅಂದ್ರೆ?”

“ನಂಗೆ ವಾಸನೆ ಬರಲ್ಲ. ಎರಡು ವರ್ಷ ಆಯ್ತು.” ಹಿಡಿಕೆಯ ತುಂಡನ್ನು ಮೇಜಿನ ಮೇಲಿಟ್ಟಳು. “ಪುಟ್ಟಿಗೆ ಇದ್ರಲ್ಲೇ ನೀರು ಕೊಟ್ಟೆ. ನಿನ್ನೆಯೂ ಕೊಟ್ಟೆ.”

ಅಣ್ಣ ತೂಕದ ಯಂತ್ರವನ್ನು ಹಾಗೇ ಬಿಟ್ಟು, ತನ್ನ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊರಟ.

ಮುಚ್ಚಳ ಬಿಗಿದ ಗಾಜಿನ ಸೀಸೆಯಲ್ಲಿ ಹಿಡಿಕೆಯ ತುಂಡು ಇಟ್ಟುಕೊಂಡು ಹೋಗಿ, ನಂಬರಕ್ಕ ವಾರ್ಡಿನ ನಡುವೆ ನಿಂತು ಎಲ್ಲವನ್ನೂ ಹೇಳಿದಳು. ಮೂಗಿನ ಸುದ್ದಿ, ಕ್ಯಾನಿನ ಸುದ್ದಿ, ಬಾಟಲಿಯ ಸುದ್ದಿ. ಬೀದಿಯವರು ಕೇಳಿದರು, ಆಯಾಗಳು ಕೇಳಿದರು. ಈಗ ಯಾರು ಕೇಳಿದರೇನು? ಡಾಕ್ಟರಮ್ಮ ಬೈಯಲಿಲ್ಲ. ಓಡಿದರು. ಅದಕ್ಕೆಂದೇ ಇರುವ ಮದ್ದು ಏರಿಸಿದರು. ಮೈಯನ್ನು ಸೋಪು ಹಚ್ಚಿ ಒರೆಸಿದರು. ಸಂಜೆಯ ಹೊತ್ತಿಗೆ ಪುಟ್ಟಿಯ ಬೆವರು ನಿಂತಿತು, ಕಣ್ಣು ಬಿಟ್ಟಳು, ಅಕ್ಕನ ಗುರುತು ಹಿಡಿದಳು. ನಂಬರಕ್ಕ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದಳು.

“ಪುಟ್ಟಿ, ಕ್ಯಾನಲ್ಲಿ ವಿಷ ಇತ್ತು ಕಣೇ. ನಾನೇ ಕುಡಿಸ್ದೆ. ನಂಗೆ ಮೂಗು ಸತ್ತೋಗಿದೆ, ಯಾರಿಗೂ ಹೇಳ್ಲಿಲ್ಲ, ನಿಂಗೂ ಹೇಳ್ಲಿಲ್ಲ...”

ಪುಟ್ಟಿ ಬಹಳ ಹೊತ್ತು ಉಸಿರು ಕೂಡಿಸಿಕೊಂಡಳು. “ಗೊತ್ತಿತ್ತು ಅಕ್ಕ.”

“ಏನು ಗೊತ್ತಿತ್ತು?”

“ಮೂಗು. ಹುಳಿಹಾಲಲ್ಲಿ ಟೀ ಮಾಡ್ಕೊಟ್ಟಿದ್ದೆಯಲ್ಲ... ಅವತ್ತಿಂದ.”

“ಮತ್ತೆ ಕ್ಯಾನು ವಾಸನೆ ಬರ್ತಿತ್ತು ಅಂದ್ಯಲ್ಲೇ, ಚೆಲ್ಲೋದಲ್ವಾ? ಯಾಕೆ ಕುಡಿದೆ?”

“ವಾಸನೆ ಬರ್ತಿತ್ತು. ಮತ್ತೆ ಹೇಳಿದ್ರೆ, ನಿಂಗೆ ಗೊತ್ತಾಗಲ್ಲ ಅನ್ನೋದನ್ನೂ ಹೇಳ್ಬೇಕಾಗಿತ್ತು. ಹೆಂಗೆ ಹೇಳ್ಲಿ, ಅದೊಂದು ಬಿಟ್ರೆ ನಿಂಗೇನಿದೆ?” ಪುಟ್ಟಿ ಮಾತು ನಿಲ್ಲಿಸಿ ಮತ್ತೆ ಉಸಿರೆಳೆದುಕೊಂಡಳು. “ಎರಡನೇ ನಂಬರು ಅಂದ್ಯಲ್ಲ. ಮೂಗು ಹೋದ್ರೇನು, ನಂಬರು ತಪ್ಪಲ್ಲ ಅಂದ್ಕೊಂಡೆ. ಬರೀ ವಾಸನೆ ತಾನೇ, ಏನ್ಮಾಡುತ್ತೆ ಅಂದ್ಕೊಂಡೆ.”

ನಂಬರು ತಪ್ಪಿರಲಿಲ್ಲ. ಅದು ಅಪ್ಪಟ ಎರಡೇ. ಪ್ಲಾಸ್ಟಿಕ್ ಯಾವುದೆಂದು ಅದು ಹೇಳಿತ್ತು. ಒಳಗೆ ಏನಿತ್ತೆಂದು ಹೇಳುವುದು ಅದರ ಕೆಲಸವಾಗಿರಲಿಲ್ಲ. ಊರಿಗೆಲ್ಲ ಪಾಠ ಹೇಳಿದವಳು ಇದೊಂದನ್ನು ಯಾರಿಗೂ ಹೇಳಿರಲಿಲ್ಲ, ಯಾಕೆಂದರೆ ಆ ಕೆಲಸವನ್ನು ಅವಳ ಮೂಗು ಮಾಡುತ್ತಿತ್ತು.

ಮಾರನೆಯ ದಿನ ಮಧ್ಯಾಹ್ನ ಪುಟ್ಟಿಯ ಉಸಿರು ಸೋತಿತು. ಇಂಥ ವಿಷದಲ್ಲಿ ಹೀಗೂ ಆಗುವುದುಂಟು, ಚೇತರಿಸಿಕೊಂಡಂತೆ ಕಂಡು ಎದೆಯ ಸ್ನಾಯುಗಳು ಕೈಕೊಡುತ್ತವೆ ಎಂದರು ಡಾಕ್ಟರಮ್ಮ. ಯಂತ್ರದ ಉಸಿರು ಎರಡು ದಿನ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಅದೂ ನಿಂತಿತು.

ನಂಬರಕ್ಕ ಅಳಲಿಲ್ಲ. ಡಾಕ್ಟರಮ್ಮನನ್ನು ಕಾರಿಡಾರಿನಲ್ಲಿ ತಡೆದು ಒಂದೇ ಮಾತು ಕೇಳಿದಳು.

“ನೀವು ಕೇಳಿದ ದಿನಾನೇ ಹೇಳಿದ್ದಿದ್ರೆ ಉಳೀತಿದ್ಲಾ?”

ಡಾಕ್ಟರಮ್ಮ ಕೈಯಲ್ಲಿದ್ದ ಕಾಗದಗಳನ್ನು ಸರಿಮಾಡಿಕೊಂಡರು. “ಹೇಳೋದಕ್ಕೆ ಬರಲ್ಲಮ್ಮ,” ಎಂದರು. ಅವಳ ಕಣ್ಣು ನೋಡಿ ಹೇಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅವಳು ಗೋದಾಮಿಗೆ ಹೋಗಿ ಯಜಮಾನನ ಮುಂದೆ ನಿಂತು, ಮೇಜಿನ ತುದಿಯ ಸ್ಟೂಲು ಬೇರೆಯವರಿಗೆ ಕೊಡಿ ಎಂದಳು. ಅವನು ಅವಳನ್ನು ಕಳಿಸಿಬಿಡಲಿಲ್ಲ, ಅದು ಅವನ ದೊಡ್ಡತನ. ಈಗ ಅವಳು ಬಾಗಿಲ ಬಳಿ ಕೂತು ಕ್ಯಾನುಗಳ ಹಿಡಿಕೆ ಕತ್ತರಿಸುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಕೆಲಸ. ದಾರಿಹೋಕರು ಯಾರಾದರೂ ಮನೆಗೊಂದು ಒಳ್ಳೆಯ ಕ್ಯಾನು ಇದ್ದರೆ ಕೊಡಿ ಎಂದು ಕೇಳಿದರೆ, ಮೊದಲು ಗರಗಸ ಹಾಕಿ ಎರಡು ತುಂಡು ಮಾಡುತ್ತಾಳೆ, ಆಮೇಲೆ ಇಲ್ಲ ಎನ್ನುತ್ತಾಳೆ. ಹಳೆಯ ಅಭ್ಯಾಸದಿಂದ ಬೀದಿಯವರು ಡಬ್ಬ ತಂದು ತೋರಿಸಿದರೆ ತಳ ನೋಡುವುದಿಲ್ಲ. “ಇದ್ರಲ್ಲಿ ಮೊದಲು ಏನಿತ್ತು? ಗೊತ್ತಿಲ್ವಾ? ಹಂಗಾದ್ರೆ ಬೇಡ,” ಎನ್ನುತ್ತಾಳೆ. ಮಾತು ಅಷ್ಟಕ್ಕೇ ನಿಲ್ಲುತ್ತದೆ.

ಪುಟ್ಟಿಯ ಕೋಣೆ ಖಾಲಿ ಮಾಡುವ ದಿನ ಲಾಂಡ್ರಿಯವಳು ಸಹಾಯಕ್ಕೆ ಬಂದಳು. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿದರು, ಅರ್ಧ ಹೊಲಿದ ಅಂಗಿಗಳನ್ನು ಅವರವರಿಗೆ ತಲುಪಿಸಲು ಕಟ್ಟಿಟ್ಟರು. ಕುರ್ಚಿಯ ಬೆನ್ನಿಗೆ ಕಂದು ಶಾಲು ಇನ್ನೂ ನೇತಾಡುತ್ತಿತ್ತು. ಲಾಂಡ್ರಿಯವಳು ಅದನ್ನು ತೆಗೆದು ಮಡಚಿದಳು.

“ಇದನ್ನ ನಾನು ಒಗೆದು ಇಸ್ತ್ರಿ ಮಾಡಿ ಕೊಡ್ತೀನಿ ಅಕ್ಕ. ನೀವು ಹೊದ್ಕೊಳ್ಳಿ.”

“ಬೇಡ, ಒಗೀಬೇಡ!” ನಂಬರಕ್ಕ ಅದನ್ನು ಕಿತ್ತುಕೊಂಡಳು. ಮುಖಕ್ಕೆ ಒತ್ತಿಕೊಂಡು ಉಸಿರೆಳೆದಳು. ಮತ್ತೆ ಎಳೆದಳು. ನೂಲು ಮೂಗಿಗೆ ಚುಚ್ಚಿತು, ಅಷ್ಟೇ. ಆಗ, ಅಷ್ಟು ದಿನ ಬಾರದ ಅಳು ಒಮ್ಮೆಲೇ ಬಂತು. ನೆಲದ ಮೇಲೆ ಕೂತು, ಶಾಲನ್ನು ಲಾಂಡ್ರಿಯವಳ ಮುಂದೆ ಚಾಚಿದಳು.

“ನೀನು ಮೂಸು. ಅವಳ ವಾಸನೆ ಇದ್ಯಾ ಇದ್ರಲ್ಲಿ?”

ಲಾಂಡ್ರಿಯವಳು ಮೂಸಿದಳು. ಅವಳ ಕಣ್ಣೂ ತುಂಬಿತು. “ಇದೆ ಅಕ್ಕ.”

“ಹೆಂಗಿದೆ? ಹೇಳು.”

“ಮಿಷಿನ್ನಿಗೆ ಬಿಡ್ತಿದ್ರಲ್ಲ, ಆ ಎಣ್ಣೆ. ಸ್ವಲ್ಪ ಸೋಪು. ಆಮೇಲೆ...”

“ಆಮೇಲೆ?”

“ಆಮೇಲೆ ಅವರೇ ಅಕ್ಕ. ಅದನ್ನ ಹೆಂಗೆ ಹೇಳ್ಲಿ?”

ನಂಬರಕ್ಕ ಶಾಲನ್ನು ಹಿಂದಕ್ಕೆ ಪಡೆದು, ನಾಲ್ಕು ಮಡಿಕೆ ಮಾಡಿ, ತೊಡೆಯ ಮೇಲೆ ಇಟ್ಟುಕೊಂಡಳು. “ಇನ್ನೊಂದು ಸಲ ಹೇಳು,” ಎಂದಳು.